ಬೇರೆ ಮನೆಗೆ ನೀರು ಹೊತ್ತವಳು

ಕುನ್ನೂರಿನಿಂದ ನೇರಿಹಟ್ಟಿಗೆ ಬರುವ ಮಿನಿ ಬಸ್ಸು ಕೊನೆಯ ತಿರುವಿನಲ್ಲಿ ಉಸಿರು ಬಿಟ್ಟು ನಿಲ್ಲುತ್ತದೆ. ಅಲ್ಲಿ ಇಳಿದು ತಲೆ ಎತ್ತಿದರೆ ಟೀ ಗಿಡಗಳ ಮೇಲುಗಡೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಮನೆಗಳ ಒಂದು ಸಾಲು ಕಾಣುತ್ತದೆ. ಸಾಲಿನ ಬಲತುದಿಯ ಮನೆ ಮಲ್ಲನದು. ಮಲ್ಲ ಈಗಿಲ್ಲ. ಅವನಿಗೆ ಭೋಜನ್ ಎಂಬ ಮಗ, ಮಾಸಿ ಎಂಬ ಮಗಳು. ಮಗಳಿದ್ದಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಕಡೆ ಅದನ್ನು ಯಾರೂ ಹೇಳಲಿಲ್ಲ, ಅದಕ್ಕೇ ಈ ಕತೆ ಹುಟ್ಟಿದ್ದು.

ಮಾಸಿ ದೊಡ್ಡವಳು, ಭೋಜನ್ ಚಿಕ್ಕವನು. ಅವ್ವೆ ಬೇಗ ತೀರಿಕೊಂಡಳು. ಅಪ್ಪ ತೋಟಕ್ಕೆ ಹೋದರೆ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಎಮ್ಮೆ ಕಾಯುತ್ತಿದ್ದವಳು ಮಾಸಿ. ತಮ್ಮ ಶಾಲೆಗೆ ಹೋಗುವಷ್ಟು ದೊಡ್ಡವನಾದ, ಹೋದ. ಇವಳು ಶಾಲೆಯ ಬೇಲಿಯವರೆಗೆ ಅವನನ್ನು ಬಿಟ್ಟು ಬರುತ್ತಿದ್ದಳು. ಬೇಲಿ ದಾಟಿದ್ದಿಲ್ಲ. ಯಾರೂ ದಾಟು ಎನ್ನಲಿಲ್ಲ, ಅವಳಿಗೂ ಹಾಗೆ ಅನ್ನಿಸಲಿಲ್ಲ.

ವಯಸ್ಸಿಗೆ ಬಂದಾಗ ಬಾಗೆಹಟ್ಟಿಗೆ ಕೊಟ್ಟರು. ನೀಲಗಿರಿಯ ನಮ್ಮ ಬಡಗರ ಮದುವೆಯಲ್ಲಿ ತಾಳಿಗಿಂತ ದೊಡ್ಡ ಗಳಿಗೆಯೊಂದಿದೆ. ಹೊಸ ಹೆಣ್ಣು ಗಂಡನ ಹಟ್ಟಿಯ ಹಳ್ಳಕ್ಕೆ ಹೋಗಿ ಕೊಡದಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು, ಹೊಸ್ತಿಲು ದಾಟಿ ಒಳಗೆ ಇಳಿಸಬೇಕು. ಆ ನೀರು ಇಳಿದ ಮೇಲೆ ಅವಳು ಆ ಮನೆಯವಳು. ಹುಟ್ಟಿದ ಮನೆಗೆ ಹಬ್ಬಕ್ಕೆ ಬರುತ್ತಾಳೆ, ಸಾವಿಗೆ ಬರುತ್ತಾಳೆ, ಉಂಡು ಅತ್ತು ಹೋಗುತ್ತಾಳೆ. ಆ ಮನೆಯ ತಲೆ ಎಣಿಸುವಾಗ ಅವಳನ್ನು ಎಣಿಸುವುದಿಲ್ಲ.

ಮಾಸಿಯ ಗಂಡ ಕುಡುಕ. ಹೊಡೆತವೂ ಇತ್ತು. ಒಂದು ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಅವಳು ಬೆಟ್ಟ ಇಳಿದು, ಇನ್ನೊಂದು ಬೆಟ್ಟ ಹತ್ತಿ ಅಪ್ಪನ ಮನೆಗೆ ಬಂದಳು. ಹೀಗೆ ಬಂದ ಹೆಣ್ಣನ್ನು ನಮ್ಮಲ್ಲಿ ಹಳಿಯುವುದಿಲ್ಲ. ಮನಸ್ಸಿದ್ದರೆ ಇನ್ನೊಂದು ಮದುವೆ ಮಾಡುತ್ತಾರೆ. ಮಲ್ಲ ಬಾಗಿಲಲ್ಲಿ ನಿಂತ ಮಗಳನ್ನು ನೋಡಿ, “ಬಂದೆಯಾ. ಒಲೆ ಆರಿತ್ತು” ಎಂದಷ್ಟೇ ಹೇಳಿ ಸೌದೆ ತರಲು ಹಿತ್ತಿಲಿಗೆ ಹೋದ.

ಅವಳು ಇನ್ನೊಂದು ಮದುವೆಯಾಗಲಿಲ್ಲ. ಭೋಜನ್‌ಗೆ ವೆಲ್ಲಿಂಗ್ಟನ್ನಿನ ಮಿಲಿಟರಿ ಕಚೇರಿಯಲ್ಲಿ ಗುಮಾಸ್ತನ ಕೆಲಸವಾಯಿತು, ಸುಗನ್ಯಾಳ ಜೊತೆ ಮದುವೆಯಾಯಿತು, ಅವರು ಅಲ್ಲೇ ಮನೆ ಮಾಡಿದರು. ಹಟ್ಟಿಯ ಮನೆಯಲ್ಲಿ ಉಳಿದವರು ಅಪ್ಪ, ಮಗಳು. ಬೆಳಗ್ಗೆ ಟೀ ಎಲೆ ಕಿತ್ತು ಫ್ಯಾಕ್ಟರಿಯ ಗಾಡಿಗೆ ಹಾಕುವುದು, ಮಧ್ಯಾಹ್ನ ರಾಗಿ ಹಿಟ್ಟು, ಉದಕ ಎಂಬ ಅವರೆ ಸಾರು. ನಲ್ಲಿ ಬಂದ ಮೇಲೂ ಮಲ್ಲನಿಗೆ ಕುಡಿಯಲು ಹಳ್ಳದ ನೀರೇ ಆಗಬೇಕು. ಮಾಸಿ ದಿನಾ ಹೊತ್ತು ತಂದಳು. ಕೂದಲು ನರೆಯುವವರೆಗೆ ತಂದಳು. ಆ ನೀರಿಗೆ ಶಾಸ್ತ್ರವಿರಲಿಲ್ಲ, ಅದು ಬರೀ ಕುಡಿಯುವ ನೀರು.

ಕೊನೆಯ ಎರಡು ಮಳೆಗಾಲ ಮಲ್ಲ ಹಾಸಿಗೆ ಬಿಡಲಿಲ್ಲ. ಅವನನ್ನು ಎತ್ತಿ ಕೂರಿಸುವುದು, ಒರೆಸುವುದು, ಬಾಯಿಗೆ ಗಂಜಿ ಇಡುವುದು ಎಲ್ಲ ಮಾಸಿ. ಭೋಜನ್ ಭಾನುವಾರ ಕಿತ್ತಳೆ ಹಿಡಿದು ಬರುತ್ತಿದ್ದ, ಅಪ್ಪನ ಕಾಲಬುಡದಲ್ಲಿ ಕೂತು ಫೋನ್ ನೋಡುತ್ತಿದ್ದ, ಕಡೆಯ ಬಸ್ಸಿಗೆ ಹೋಗುತ್ತಿದ್ದ. ಕೆಟ್ಟವನಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ಮಾಸಿಗೆ ಬಯ್ಯಲು ಒಬ್ಬರಾದರೂ ಸಿಗುತ್ತಿದ್ದರು.

ಮಲ್ಲ ಹೋದ. ಸತ್ತವರ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳಿ ಕಳೆಯುವ ಶಾಸ್ತ್ರ ನಮ್ಮಲ್ಲಿದೆ. ಹಟ್ಟಿಯ ಗೌಡ ಸುಬ್ಬಗೌಡನೇ ನಿಂತು ಹೇಳಿದ. ಗಡಿಕಲ್ಲು ಸರಿಸಿದ್ದು, ಹಾವು ಕೊಂದದ್ದು, ನೆರೆಯವನ ಎಮ್ಮೆ ಕಂಡು ಹೊಟ್ಟೆ ಉರಿದದ್ದು. ಮಲ್ಲ ಮಾಡಿರಲಿ ಬಿಡಲಿ, ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹೇಳಿ, ಎಲ್ಲ ಕಳೆಯಿತು ಎಂದ. ನೆರೆದವರೆಲ್ಲ ಕಳೆಯಿತು ಎಂದರು.

ಆಮೇಲೆ ಮನೆಯ ಪಟ್ಟಾ. ಅದು ಮಲ್ಲನ ಹೆಸರಲ್ಲಿತ್ತು. ಹೆಸರು ಬದಲಾಗಬೇಕಾದರೆ ಮೊದಲು ವಾರಿಸು ಸರ್ಟಿಫಿಕೇಟು ಬೇಕು, ಅದಕ್ಕೆ ವಿಎಒ, ಅಂದರೆ ಊರಿನ ಜಮೀನಿನ ದಾಖಲೆ ನೋಡುವ ಅಧಿಕಾರಿ, ಮನೆಗೆ ಬಂದು ವಿಚಾರಿಸಬೇಕು. ಭೋಜನ್ ಅರ್ಜಿ ಹಾಕಿದ. ಬಂದವಳು ಕಲೈಸೆಲ್ವಿ. ತಿರುಪ್ಪೂರಿನ ಕಡೆಯವಳು, ಚಿಕ್ಕ ವಯಸ್ಸು, ಬೆಟ್ಟಕ್ಕೆ ವರ್ಗವಾಗಿ ಬಂದು ಇನ್ನೂ ಚಳಿಗೆ ಒಗ್ಗಿರಲಿಲ್ಲ. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಟೊಪ್ಪಿ.

ಮುಂದಿನ ಕೋಣೆಯ ಜಗಲಿಯ ಮೇಲೆ ಅವಳನ್ನು ಕೂರಿಸಿದರು. ಒಂದು ಕಡೆ ಸುಬ್ಬಗೌಡ, ಇನ್ನೊಂದು ಕಡೆ ಭೋಜನ್. ಮಾಸಿ ಟೀ ತಂದಳು. ಲೋಟ ಈಸಿಕೊಂಡ ಕಲೈಸೆಲ್ವಿ, ಎದುರಿಗಿದ್ದವಳು ಅವಳೇ ಆದ್ದರಿಂದ, ಅವಳನ್ನೇ ತಮಿಳಿನಲ್ಲಿ ಕೇಳಿದಳು. ತೀರಿಕೊಂಡವರಿಗೆ ಮಕ್ಕಳೆಷ್ಟು, ಅಕ್ಕಾ?

“ಒಬ್ಬನೇ. ಎಮ್ಮ ಭೋಜ,” ಎಂದಳು ಮಾಸಿ.

“ನೀವು?”

“ನಾ ಬಾಗೆಹಟ್ಟಿ.”

ಅಷ್ಟೇ. ಯೋಚಿಸಲಿಲ್ಲ. ಅದರಲ್ಲಿ ನಾಚಿಕೆಯೂ ಇಲ್ಲ, ತ್ಯಾಗವೂ ಇಲ್ಲ. ಯಾವ ಬಡಗರ ಮನೆಯಲ್ಲಿ ಯಾವ ಹೆಣ್ಣನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದಳು. ಬೇರೆ ಮನೆಗೆ ನೀರು ಹೊತ್ತವಳು ಅಪ್ಪನ ಮನೆಯ ಲೆಕ್ಕದಲ್ಲಿ ತನ್ನನ್ನು ತಾನೇ ಸೇರಿಸಿಕೊಂಡರೆ ಅಸಹ್ಯ. ಬಿಟ್ಟು ಬಂದು ಎಷ್ಟು ಕಾಲವಾದರೂ ಹೊತ್ತ ನೀರು ಹೊತ್ತದ್ದೇ. ಹಟ್ಟಿಯವರು ಕೇಳಿದ್ದರೆ ಇಷ್ಟಕ್ಕೆ ನಿಲ್ಲಿಸುತ್ತಿರಲಿಲ್ಲ. ಹೊರಗೆ ಕೊಟ್ಟ ಹೆಣ್ಣೆಷ್ಟು ಎಂದು ಬೇರೆಯಾಗಿ ಕೇಳುತ್ತಿದ್ದರು. ಕಲೈಸೆಲ್ವಿಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ನೆರವಿಗೆ ಬಂದ ಪಕ್ಕದವಳು ಅಂದುಕೊಂಡಳು.

ಗೊತ್ತಿದ್ದವರು ಇಬ್ಬರಿದ್ದರು. ಸುಬ್ಬಗೌಡ ಶಲ್ಯ ಸರಿಮಾಡಿಕೊಂಡ. ಭೋಜನ್ ಟೀ ಊದುತ್ತ ಕೂತ.

“ಪಕ್ಕದವರ ಸಾಕ್ಷಿ ಒಂದು ಬೇಕು,” ಎಂದಳು ಕಲೈಸೆಲ್ವಿ. “ಅಕ್ಕಾ, ನೀವೇ ಹಾಕಿಬಿಡಿ.”

ಮಾಸಿಗೆ ಸಹಿ ಬಾರದು. ಹೆಬ್ಬೆರಳು ಒತ್ತಿದಳು. ಎಲೆ ಕಿತ್ತು ಕಿತ್ತು ಕಪ್ಪಾದ ಬೆರಳು, ಶಾಯಿ ಹತ್ತಿತೋ ಇಲ್ಲವೋ ಎಂದು ಕಲೈಸೆಲ್ವಿ ಎರಡು ಸಲ ಒತ್ತಿಸಿದಳು. ಮಲ್ಲನಿಗೆ ಒಬ್ಬನೇ ವಾರಸುದಾರ ಎಂಬುದಕ್ಕೆ ಮಲ್ಲನ ಮಗಳು ಸಾಕ್ಷಿಯಾದದ್ದು ಹೀಗೆ.

ಭೋಜನ್ ಆ ದಿನ ಒಂದು ಮಾತು ಹೇಳಬಹುದಿತ್ತು. ಇವಳು ಎನ್ನ ಅಕ್ಕ ಎಂದರೆ ಮುಗಿಯುತ್ತಿತ್ತು. ಆಮೇಲೆ, ಅಕ್ಕ, ನಿನ್ನ ಪಾಲು ಎನಗೆ ಬರೆದುಕೊಡು ಎಂದಿದ್ದರೆ ಮಾಸಿ ಎರಡನೇ ಮಾತಾಡದೆ ಅದೇ ಬೆರಳನ್ನು ಅಲ್ಲೂ ಒತ್ತುತ್ತಿದ್ದಳು. ಇದನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ. “ಕೇಳಿದ್ದರ ಕೊಡುತ್ತಿದ್ದೆ. ಎನ್ನ ಆರೂ ಕೇಳಿಲ್ಲೆ.”

ಪಟ್ಟಾ ಭೋಜನ್ ಹೆಸರಿಗಾಯಿತು. ಮಾಸಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬೇಸಿಗೆ ಬಂತು, ಊಟಿಗೆ ಹೋಗುವ ಕಾರುಗಳ ಸಾಲು ಬೆಳೆಯಿತು. ಒಂದು ಭಾನುವಾರ ಭೋಜನ್ ಕಿತ್ತಳೆಯ ಬದಲು ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದ. ಹಿಂದೆ ಸುಗನ್ಯಾ. ಮೇಸ್ತ್ರಿ ಟೇಪು ಬಿಚ್ಚಿ ಮುಂದಿನ ಕೋಣೆ ಅಳೆದ, ಒಳಕೋಣೆ ಅಳೆದ, ಕಡೆಗೆ ಹಾಗೊಟ್ಟಿನ ಬಾಗಿಲು ತಳ್ಳಿದ.

ಹಾಗೊಟ್ಟು ಎಂದರೆ ಹಾಲಿನ ಕೋಣೆ. ಹಾಲು ಮೊಸರು ಇಡುವ ಜಾಗ, ಹೆಂಗಸರು ಕಾಲಿಡುವಂತಿಲ್ಲ. ಎಮ್ಮೆ ಮಾರಿ ಎಷ್ಟೋ ವರ್ಷವಾಗಿತ್ತು, ಒಳಗೆ ಇದ್ದದ್ದು ಎರಡು ಖಾಲಿ ಮಡಕೆ. ಆದರೂ ಹುಟ್ಟಿದಾಗಿನಿಂದ ಮಾಸಿ ಆ ಹೊಸ್ತಿಲು ತುಳಿದವಳಲ್ಲ. ಮೇಸ್ತ್ರಿ ಚಪ್ಪಲಿ ಕಾಲಲ್ಲೇ ಒಳಗೆ ಹೋಗಿ, “ಇಲ್ಲಿ ಬಾತ್ರೂಮು ಕೂರುತ್ತದೆ ಸಾರ್, ಅಟ್ಯಾಚ್ಡು” ಎಂದ.

“ಏನ ಭೋಜ ಇದು?” ಎಂದಳು ಮಾಸಿ.

“ಹೋಂಸ್ಟೇ ಮಾಡಿನೆ ಅಕ್ಕ. ಸೀಸನ್ನಿಗ ಜನ ಬರುತ್ತದೆ. ಹಳೇ ಬಡಗರ ಮನೆ ಅಂದರ ಕೇಳಿ ಬರುತ್ತಾರೆ.”

“ನಾ?”

“ನೀ ಎಲ್ಲಿಗ ಹೋಪೆ? ಹಿಂದ ಸೌದೆ ಕೊಟ್ಟಿಗೆ ಇದೆಯಲ್ಲ, ಶೀಟು ಹಾಕಿ, ಸಿಮೆಂಟು ಮಾಡಿ ಕೊಟ್ಟಿನೆ. ಕರೆಂಟೂ ಎಳೆಸಿನೆ.”

ಸುಗನ್ಯಾ ಮೆತ್ತಗೆ ಸೇರಿಸಿದಳು. “ಅಕ್ಕ ಸೌದೆ ಒಲೆ ಬಿಡದು. ಹೊಗೆ ಇದ್ದರ ಗೆಸ್ಟು ನಿಲ್ಲ. ಹಿಂದ ಇದ್ದರ ಅಕ್ಕನಿಗೂ ಒಳ್ಳೇದು.”

“ಇದು ಎನ್ನ ಅಪ್ಪನ ಮನೆ,” ಎಂದಳು ಮಾಸಿ.

ಭೋಜನ್ ಜೋರು ಮಾಡಲಿಲ್ಲ. ಅವನಿಗೆ ಜೋರು ಮಾಡಿ ಅಭ್ಯಾಸವಿಲ್ಲ. ನೆಲ ನೋಡುತ್ತ ಹೇಳಿದ. “ಅಕ್ಕ, ನೀನೇ ಹೇಳಿದೆ. ಎಲ್ಲರ ಎದುರ, ಒಬ್ಬನೇ ಅಂತ. ನಾ ಹೇಳಿಸಿದೆನಾ?”

ಹೇಳಿಸಿರಲಿಲ್ಲ.

ಮರುದಿನ ಅವಳು ಬೆಳ್ಳಗಿನ ಮುಂಡು ಉಟ್ಟು, ತಲೆಗೆ ಪಟ್ಟು ಎಂಬ ಬಿಳಿ ವಸ್ತ್ರ ಕಟ್ಟಿ ವಿಎಒ ಆಫೀಸಿಗೆ ಹೋದಳು. ಕಲೈಸೆಲ್ವಿಗೆ ಗುರುತು ಸಿಕ್ಕಿತು. ಟೀ ಕೊಟ್ಟ ಅಕ್ಕ ಎಂದು ಕುರ್ಚಿ ಎಳೆದಳು. ಮಾಸಿ ವಿಷಯ ಹೇಳಿದ ಮೇಲೆ ಅವಳ ಕೈಯ ಪೆನ್ನು ನಿಂತಿತು.

“ನೀವು ಮಗಳಾ? ಮತ್ತೆ ಅವತ್ತು ಬೇರೆ ಊರು ಅಂದಿರಿ.”

“ನಮ್ಮಲ್ಲಿ ಹಾಗೇ ಹೇಳೋದು.”

“ನನಗೆ ಹೇಗೆ ಗೊತ್ತಾಗಬೇಕು ಅಕ್ಕಾ?” ಎಂದಳು ಹುಡುಗಿ. ಸಿಟ್ಟಲ್ಲ, ಹೆದರಿಕೆ. ಪೆನ್ನು ಕೆಳಗಿಟ್ಟು ಕೇಳಿದಳು. “ಆಧಾರಿನಲ್ಲಿ ಅಪ್ಪನ ಹೆಸರಿದೆಯಾ?”

ಗಂಡನ ಹೆಸರಿತ್ತು. ರೇಷನ್ ಕಾರ್ಡಿನಲ್ಲೂ ಅವನದೇ. ಬಿಟ್ಟು ಬಂದವಳಿಗೆ ಬೇರೆ ಕಾರ್ಡಾದರೆ ಅಕ್ಕಿ ಬೇರೆ ಸಿಗುತ್ತದೆಂದು ಭೋಜನ್ನೇ ಓಡಾಡಿ ಮಾಡಿಸಿದ್ದ. ಶಾಲೆಯ ದಾಖಲೆ ಎಂಬುದಂತೂ ಇಲ್ಲ. ಮಲ್ಲ ಮತ್ತು ಮಾಸಿ ಎಂಬ ಎರಡು ಹೆಸರು ಅಕ್ಕಪಕ್ಕ ನಿಂತ ಒಂದು ಚೂರು ಕಾಗದವೂ ಈ ಭೂಮಿಯ ಮೇಲೆ ಇರಲಿಲ್ಲ.

“ಪರವಾಗಿಲ್ಲ,” ಎಂದಳು ಕಲೈಸೆಲ್ವಿ. “ಮೇಲಿನ ಆಫೀಸಿಗೆ ತಕರಾರು ಅರ್ಜಿ ಬರೆದುಕೊಡುತ್ತೇನೆ. ನಿಮ್ಮ ಹಟ್ಟಿಯವರು ಇಬ್ಬರು ಬಂದು, ಇವರು ಮಲ್ಲನ ಮಗಳು ಎಂದು ಹೇಳಿದರೆ ಸಾಕು. ಇಡೀ ಊರಿಗೆ ಗೊತ್ತಿರುವ ವಿಷಯ ಅಲ್ಲವಾ? ಸುಲಭ.”

ಸುಲಭ ಎಂಬ ಆ ಮಾತನ್ನು ಹಿಡಿದುಕೊಂಡು ಮಾಸಿ ಬೆಟ್ಟ ಹತ್ತಿದಳು.

ಹಟ್ಟಿಯ ನಡುವೆ ಸುತ್ತುಕಲ್ಲು ಇದೆ. ಗಂಡಸರು ಕೂತು ನ್ಯಾಯ ಮಾತಾಡುವ ಕಲ್ಲುಗಳ ಸುತ್ತು. ಬಿಸಿಲಿಗೆ ಮೈ ಕಾಯಿಸುತ್ತ ಸುಬ್ಬಗೌಡ ಕೂತಿದ್ದ, ಪಕ್ಕದಲ್ಲಿ ಒಂದಿಬ್ಬರು ಮುದುಕರು. ಮಾಸಿ ದೂರದಲ್ಲೇ ನಿಂತು ಹೇಳಿದಳು.

“ದೊಡ್ಡಪ್ಪ, ನಾ ಮಲ್ಲನ ಮಗಳು ಅಂತ ಆಫೀಸಿಲಿ ಬಂದು ಒಂದು ಮಾತು ಹೇಳಬೇಕು.”

“ಅಲ್ಲ ಅಂತ ಆರು ಹೇಳಿದ ಮಾಸಿ?”

“ಆರೂ ಹೇಳಿಲ್ಲೆ. ಹೌದು ಅಂತಲೂ ಆರೂ ಹೇಳಿಲ್ಲೆ.”

ಬೀಡಿ ಸೇದುತ್ತಿದ್ದ ಮುದುಕನೊಬ್ಬ ನಕ್ಕ. “ಪಟ್ಟಾ ಬಂದರ ಮಾಸಿ ಹಟ್ಟಿಗ ಗೌಡತಿ ಆಗುತ್ತಾಳೆ ನೋಡು.”

“ಆದರ ಮೊದಲು ನಿನ್ನ ಬೀಡಿ ಬಿಡಿಸಿನೆ,” ಎಂದಳು ಮಾಸಿ. ಉಳಿದವರು ನಕ್ಕರು. ಸುಬ್ಬಗೌಡ ನಗಲಿಲ್ಲ.

“ಕೂಸೇ,” ಎಂದ. “ನಿನ್ನ ತೊಟ್ಟಿಲಿಗ ಹಾಕಿದ ದಿನ ನಾ ಇದ್ದೆ. ನಿನ್ನ ಅಪ್ಪನ ನೋಡಿಕೊಂಡ ಹಂಗ ಎನ್ನ ಮಕ್ಕಳೂ ಎನ್ನ ನೋಡಿಕೊಳ್ಳಲಿ ಅಂತ ದಿನಾ ಕೈ ಮುಗಿದಿನೆ. ಬಾಯಲ್ಲಿ ಎಷ್ಟು ಬೇಕು ಹೇಳಿನೆ, ಇಲ್ಲೇ, ಎಲ್ಲರೂ ಕೇಳಲಿ. ಕಾಗದಲಿ ಮಾತ್ರ ಕೇಳಬೇಡ.”

“ಏಕ ದೊಡ್ಡಪ್ಪ?”

ಗೌಡ ಕೋಲೆತ್ತಿ ಮನೆಗಳ ಸಾಲನ್ನು ತೋರಿಸಿದ. “ಆ ಮನೆಲಿ ಇಬ್ಬರು ಹೆಣ್ಣು ಹೊರಗ ಹೋಗಿದೆ. ಅದರ ಪಕ್ಕ ಮೂರು. ಎನ್ನ ಮನೆಲಿ ಇಬ್ಬರು. ನಿನ್ನ ಹೆಸರು ಒಳಗ ಬಂದರ ನಾಳೆ ಎಲ್ಲರ ಹೆಸರೂ ಬರಬೇಕು. ಆಗ ಈ ಸಾಲು ಸಾಲಾಗಿ ನಿಲ್ಲದು.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾಸಿ ಆ ಸಾಲನ್ನು ನೋಡಿದಳು. ಒಂದೊಂದು ಗೋಡೆಯೂ ಎರಡು ಮನೆಗೆ ಸೇರಿದ್ದು, ಒಂದು ಕಿತ್ತರೆ ಪಕ್ಕದ್ದಕ್ಕೂ ಏಟು. ಅಷ್ಟು ಉದ್ದದ ಸಾಲು ತನ್ನೊಬ್ಬಳ ಮೇಲೆ ಕೂತಿದೆ ಎಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಗಂಡಸರನ್ನು ಬಿಟ್ಟು ಅವಳು ಕಾಳಿಯ ಹತ್ತಿರ ಹೋದಳು. ಕಾಳಿ ಗೋಡೆಯಾಚೆಯ ಮನೆಯ ಸೊಸೆ. ಇಬ್ಬರೂ ಒಂದೇ ಸಾಲಿನಲ್ಲಿ ಎಲೆ ಕೀಳುವವರು, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗೋಡೆಯಲ್ಲಿ ಕೇಳುತ್ತದೆ. ತೋಟದ ಕೆಳತುದಿಯಲ್ಲಿ ಕಾಡೆಮ್ಮೆ ಮಲಗಿದ್ದರಿಂದ ಅವತ್ತು ಮೇಲ್ಗಡೆ ಕೀಳುತ್ತಿದ್ದರು. ಮಾಸಿ ಹೇಳಿದ್ದನ್ನೆಲ್ಲ ಕೇಳಿ ಕಾಳಿ ಕೈಯ ಎಲೆಯನ್ನು ಬೆನ್ನ ಚೀಲಕ್ಕೆ ಎಸೆದು, “ಬಂದಿನೆ. ಎನಗ ಏನ ಹೆದರಿಕೆ? ನಿನ್ನ ಅಪ್ಪನ ವಾಂತಿ ನೀ ತೊಳೆದದ್ದು ಈ ಕಣ್ಣು ಕಂಡಿದೆ,” ಎಂದಳು. ತನ್ನ ಗಂಡನನ್ನೂ ಕರೆತರುತ್ತೇನೆ ಎಂದಳು. ಅಲ್ಲಿಗೆ ಇಬ್ಬರಾದರು.

ವಿಚಾರಣೆಯ ದಿನ ಬಂತು. ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಕಾಳಿ ಬಾಗಿಲಲ್ಲಿ ನಿಂತಿದ್ದಳು, ಮುಂಡು ಬದಲಿಸಿರಲಿಲ್ಲ.

“ಜ್ವರ, ಮಾಸಿ,” ಎಂದಳು.

ಮಾಸಿ ಅವಳ ಹಣೆ ಮುಟ್ಟಿದಳು. ತಣ್ಣಗಿತ್ತು. ಕಾಳಿಯ ಕಣ್ಣಲ್ಲಿ ನೀರು ಬಂತು.

“ಎನ್ನ ಅಣ್ಣ ಫೋನ್ ಮಾಡಿದ. ಅಲ್ಲಿ ಸಾಕ್ಷಿ ಹೇಳಿದವಳು ನಾಳೆ ಇಲ್ಲಿ ಪಾಲು ಕೇಳುತ್ತಾಳೆ, ಹೆತ್ತೆ ಹಬ್ಬಕ್ಕ ಈ ಸಲ ಬರಬೇಡ ಅಂದ. ಎನಗ ಇರೋದು ಅದೊಂದೇ ಬಾಗಿಲು ಮಾಸಿ. ವರ್ಷಕ್ಕ ಒಂದು ಸಲ.”

ಮಾಸಿ ಬಸ್ಸಿಗೆ ಒಬ್ಬಳೇ ಹೋದಳು.

ಆಫೀಸಿನಲ್ಲಿ ಆದದ್ದು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಅಧಿಕಾರಿ ಮರ್ಯಾದಸ್ಥ. ಕಾಗದ ಓದಿ, ಕನ್ನಡಕ ತೆಗೆದು ಭೋಜನ್ನನ್ನು ಕೇಳಿದರು. “ಇವರು ನಿಮ್ಮ ಅಕ್ಕನಾ?”

ಭೋಜನ್ ಮಾಸಿಯ ಕಡೆ ನೋಡಲಿಲ್ಲ. “ಸಾರ್, ಮಲ್ಲನಿಗೆ ನಾನೊಬ್ಬನೇ ಮಗ,” ಎಂದ.

“ಅದಲ್ಲ ಕೇಳಿದ್ದು.”

“ಇವರು ಬಾಗೆಹಟ್ಟಿಯವರು ಸಾರ್. ಅವರೇ ಹೇಳಿದ್ದಾರೆ. ಬೆರಳೂ ಒತ್ತಿದ್ದಾರೆ.”

ಎರಡೂ ನಿಜ. ಇಂಥ ನಿಜ ಹೇಳುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಧಿಕಾರಿ ಮಾಸಿಯನ್ನು ಕೇಳಿದರು, ಈ ಹೆಬ್ಬೆಟ್ಟು ನಿಮ್ಮದಾ? ಎನ್ನದು ಎಂದಳು. ಊರಿನವರು ಯಾರಾದರೂ ಬಂದಿದ್ದಾರಾ? ಇಲ್ಲ. ಆಗ ಅವರು, ಇದು ನನ್ನ ಕೈಯಲ್ಲಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಎಂದು ಕಾಗದ ಮಡಚಿದರು. ಕೋರ್ಟಿಗೂ ಅದೇ ಇಬ್ಬರು ಬೇಕು. ಅದು ಮಾಸಿಗೆ ಅಲ್ಲೇ ತಿಳಿಯಿತು.

ಮರಳುವಾಗ ಅಕ್ಕ ತಮ್ಮ ಇಬ್ಬರಿಗೂ ಒಂದೇ ಬಸ್ಸು. ಮಾಸಿ ಮುಂದಿನ ಸೀಟಿನಲ್ಲಿ, ಭೋಜನ್ ಹಿಂದೆ ಕಂಬಿ ಹಿಡಿದು. ಕಂಡಕ್ಟರ್ ಬಂದಾಗ ಭೋಜನ್ ಅಕ್ಕನ ಕಡೆ ಕೈ ತೋರಿಸಿದ. “ರೆಂಡಾ?” ಎಂದ ಕಂಡಕ್ಟರ್. “ರೆಂಡು,” ಎಂದ ಭೋಜನ್. ಎರಡು ಚೀಟಿ ಹರಿದು ಕೊಟ್ಟ. ಬಸ್ಸಿನಲ್ಲಿ ಮಲ್ಲನ ಮಕ್ಕಳು ಇಬ್ಬರಾದರು. ಮಾಸಿ ತನ್ನ ಚೀಟಿಯನ್ನು ಸಣ್ಣಗೆ ಮಡಚಿ ಕಿಟಕಿಯಿಂದ ಆಚೆ ಬಿಟ್ಟಳು.

ಮಳೆಗೆ ಮೊದಲೇ ಕೆಲಸ ಮುಗಿಯಿತು. ಕೊಟ್ಟಿಗೆಗೆ ಶೀಟು ಬಂತು, ಕರೆಂಟೂ ಬಂತು, ಭೋಜನ್ ಆ ಮಾತು ತಪ್ಪಲಿಲ್ಲ. ಹಾಗೊಟ್ಟಿನಲ್ಲಿ ಬಿಳಿ ಟೈಲ್ಸು, ಬಿಸಿನೀರಿನ ಗೀಸರು. ಮಲ್ಲನ ಫೋಟೊವನ್ನು ಮುಂದಿನ ಕೋಣೆಯಲ್ಲೇ ಬಿಟ್ಟರು, ಬಂದವರಿಗೆ ಹಳೆಯ ಕಾಲದ ಕಳೆ ಇರಲಿ ಎಂದು. ಗೆಸ್ಟುಗಳು ಹೋದ ಮೇಲೆ ಕೋಣೆ ಗುಡಿಸುವುದು, ಟೈಲ್ಸು ಉಜ್ಜುವುದು ಮಾಸಿಯ ಪಾಲಿಗೆ ಬಂತು. ಹೀಗೆ ಅವಳು ಹಾಗೊಟ್ಟಿನ ಒಳಗೆ ಕಾಲಿಟ್ಟಳು, ಕೈಯಲ್ಲಿ ಬ್ರಷ್ ಹಿಡಿದು. ಮೊದಲ ದಿನ ಹೊಸ್ತಿಲಲ್ಲಿ ನಿಂತು ಅತ್ತಿತ್ತ ನೋಡಿದಳಂತೆ, ಯಾರಾದರೂ ಬೇಡ ಎನ್ನುತ್ತಾರೇನೋ ಎಂದು. ಹಟ್ಟಿಯಲ್ಲಿ ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ.

ಮರುವರ್ಷ ಸುಬ್ಬಗೌಡ ತೀರಿಕೊಂಡ. ದೊಡ್ಡ ಸ್ಥಾನದ ಸಾವು, ಸುತ್ತಲಿನ ಹಟ್ಟಿಗಳೆಲ್ಲ ಬಂದವು. ಬೇರೊಬ್ಬ ಹಿರಿಯ ನಿಂತು ಅವನ ತಪ್ಪುಗಳನ್ನು ಹೇಳಿದ. ಗಡಿಕಲ್ಲು, ಹಾವು, ಎಮ್ಮೆ, ಎಲ್ಲ ಬಂತು. ಮಾಸಿ ಹೆಂಗಸರ ಗುಂಪಿನಲ್ಲಿ ನಿಂತು ಕಿವಿಗೊಟ್ಟು ಕೇಳಿದಳು. ಗೊತ್ತಿದ್ದೂ ಸುಮ್ಮನಿದ್ದದ್ದು ಬರುತ್ತದೇನೋ ಎಂದು ಕಾದಳು. ಅದು ಬರಲಿಲ್ಲ. ಎಲ್ಲರೂ ಕಳೆಯಿತು ಎಂದಾಗ ಅವಳು ಬಾಯಿ ತೆರೆಯಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ.

ಕೆಲವು ವಾರ ಕಳೆದು ಗೌಡನ ಮನೆಗೆ ಕಲೈಸೆಲ್ವಿ ಬಂದಳು, ಅದೇ ವಾರಿಸು ವಿಚಾರಣೆಗೆ. ಈಗ ಟೊಪ್ಪಿ ಇಲ್ಲ, ಚಳಿಗೆ ಒಗ್ಗಿದ್ದಳು. ಗೌಡನ ಮೂವರು ಗಂಡುಮಕ್ಕಳು ಜಗಲಿಯ ಪಕ್ಕ ನಿಂತಿದ್ದರು. ಸಾವಿಗೆ ಬಂದು ಉಳಿದಿದ್ದ ಹೆಣ್ಣುಮಕ್ಕಳು ಮಲರ್‌ಕೊಡಿ, ತೇನ್ಮೊಳಿ ಒಳಬಾಗಿಲ ಹಿಂದೆ ಕೂತಿದ್ದರು. ಅಂಗಳದಲ್ಲಿ ಅಕ್ಕಪಕ್ಕದವರು, ಕಾಳಿ, ಎಲೆಯ ಚೀಲ ಇಳಿಸಿ ನಿಂತ ಮಾಸಿ.

“ಮಕ್ಕಳೆಷ್ಟು?” ಎಂದಳು ಕಲೈಸೆಲ್ವಿ.

“ಮೂವರು,” ಎಂದ ದೊಡ್ಡ ಮಗ.

ಅವಳು ಬರೆದುಕೊಳ್ಳಲಿಲ್ಲ. ತಲೆ ಎತ್ತಿ ಅಂಗಳದ ಮುಖಗಳನ್ನೆಲ್ಲ ನೋಡುತ್ತ ಬಂದು ಮಾಸಿಯ ಮುಖದಲ್ಲಿ ನಿಂತಳು. “ಪಕ್ಕದವರ ಸಾಕ್ಷಿ ಬೇಕು. ಅಕ್ಕಾ, ನೀವು ಹೇಳಿ. ಎಷ್ಟು?”

ಕಾಳಿ ಮಾಸಿಯ ಮುಂಡಿನ ಅಂಚು ಹಿಡಿದು ಎಳೆದಳು. ಮಾಸಿ ಆ ಕೈಯನ್ನು ಬಿಡಿಸಿ ಮುಂದೆ ಬಂದಳು.

“ಐದು,” ಎಂದಳು. “ಮೊದಲು ಮಲರ್‌ಕೊಡಿ. ಆಮೇಲೆ ಈ ದೊಡ್ಡವ. ಆಮೇಲೆ ತೇನ್ಮೊಳಿ. ಆಮೇಲೆ ಅವರಿಬ್ಬರು, ಒಬ್ಬನ ಹಿಂದ ಒಬ್ಬ. ಐದನ್ನೂ ನಾ ಎತ್ತಿಕೊಂಡು ತಿರುಗಿದ್ದೆ.”

ದೊಡ್ಡ ಮಗ, “ಅಕ್ಕ, ಇದು ಎಮ್ಮ ಮನೆ ವಿಷಯ,” ಎಂದ.

“ಸಾಕ್ಷಿ ಕೇಳಿದರು, ಹೇಳಿದೆ. ಸುಳ್ಳಿದ್ದರ ಸುಳ್ಳು ಅನ್ನು.”

ಅವನು ಅನ್ನಲಿಲ್ಲ. ಅಷ್ಟು ಜನರ ಎದುರು, ಒಡಹುಟ್ಟಿದವರು ಬಾಗಿಲ ಹಿಂದೆ ಇರುವಾಗ, ಯಾರು ಅಂದಾರು? ಕಲೈಸೆಲ್ವಿಯ ಪೆನ್ನು ಓಡಿತು.

ಆಗ ಒಳಗಿನಿಂದ ಮಲರ್‌ಕೊಡಿ ಎದ್ದು ಬಂದಳು. ಅತ್ತು ಊದಿದ ಮುಖ, ಈಗ ಅದರ ಮೇಲೆ ಸಿಟ್ಟು. “ಏಕ ಅಕ್ಕ ಎಮ್ಮ ಹೆಸರ ಎತ್ತಿದೆ? ನಾವು ಕೇಳಿದೆವಾ? ಅಪ್ಪ ಹೋಗಿ ಕಣ್ಣು ಒಣಗಿಲ್ಲೆ, ಆಗಲೇ ಪಾಲಿಗ ಬಂದು ಕೂತವು ಅಂತ ಎಂಗಳ ಹಟ್ಟಿಲಿ ಆಡಿಕೊಳ್ಳಬೇಕಾ? ಎಂಗಳಿಗ ಏನೂ ಬೇಡ. ತಮ್ಮಂದಿರಿಗ ನಾಳೆಯೇ ಬರೆದುಕೊಡುವೆವು.”

“ಕೊಡು,” ಎಂದಳು ಮಾಸಿ. “ನಾನೂ ಕೊಡುತ್ತಿದ್ದೆ. ಆದರ ಇನ್ನು ಇವರು ನಿನ್ನ ಮನೆ ಬಾಗಿಲಿಗ ಬಂದು ಕೇಳಬೇಕು. ಕೇಳಿ ಈಸಿಕೊಳ್ಳಲಿ.”

“ನಿನ್ನ ಹೊಟ್ಟೆ ಉರಿಗ ಎಮ್ಮ ಮನೆ ಸಿಕ್ಕಿತಾ?” ಎಂದಳು ಬಾಗಿಲಲ್ಲೇ ನಿಂತ ತೇನ್ಮೊಳಿ.

ಮಾಸಿ ಅದಕ್ಕೆ ಇಲ್ಲ ಎನ್ನಲಿಲ್ಲ. ಜಗಲಿಗೆ ಬಾಗಿ ಹೆಬ್ಬೆರಳು ಚಾಚಿದಳು. ಕಲೈಸೆಲ್ವಿ ಈ ಸಲವೂ ಎರಡು ಸಲ ಒತ್ತಿಸಿದಳು.

ಎಲೆಯ ಚೀಲ ಎತ್ತಿಕೊಂಡು ಅವಳು ಹೊರಟಾಗ ಜನ ದಾರಿ ಬಿಟ್ಟರು. ಸಾಲಿನ ಮುಂದಿನಿಂದ ಹೋಗುವ ದಾರಿ ಅದು, ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು ನಿಂತಿದ್ದರು. ಯಾರೂ ಮಾತಾಡಿಸಲಿಲ್ಲ. ಬಲತುದಿಯ ಮನೆಯ ಮುಂದೆ ಕೊಯಮತ್ತೂರಿನ ಕಾರೊಂದು ನಿಂತಿತ್ತು, ಹೊಸ ಗೆಸ್ಟುಗಳು ಪೆಟ್ಟಿಗೆ ಇಳಿಸುತ್ತಿದ್ದರು. ಅವರಲ್ಲೊಬ್ಬಳು ಮಾಸಿಯ ಮುಂಡನ್ನೂ ತಲೆಯ ಪಟ್ಟನ್ನೂ ನೋಡಿ ಸಂತೋಷಪಟ್ಟು, “ಅಜ್ಜೀ, ಇದು ನಿಮ್ಮ ಮನೆಯಾ?” ಎಂದು ಕೇಳಿದಳು.

“ಬಾತ್ರೂಮಿಲಿ ಸೋಪು ಇಟ್ಟಿನೆ,” ಎಂದು ಹೇಳಿ ಮಾಸಿ ಗೋಡೆಯ ಬದಿಯಿಂದ ಹಿಂದಕ್ಕೆ ಹೋದಳು.